ತೋಪು ಅಂದರೆ ಯಾವ ತೋಪು?

ಕಳೆದ ಭಾನುವಾರ ಒಂದೇ ಒಂದು ಪದದಿಂದ ನನ್ನ ಅಕ್ಕನ ಮಗಳ ಮದುವೆ ಮಾತುಕತೆ ಮುರಿದು ಬೀಳುವುದರಲ್ಲಿತ್ತು. ಆ ಪದ ಟರ್ಕಿಯ ಕಡೆಯದು. ಹುಡುಗ ಆಂಧ್ರದ ಪುಂಗನೂರಿನ ಕಡೆಯವನು.

ತಾಯಲೂರಿನ ಅಕ್ಕನ ಮನೆಗೆ ರೂಪಾಳನ್ನು ನೋಡಲು ಬಂದಿದ್ದರು. ಹುಡುಗ ಮಹೇಶ್ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಕಾಫಿ ಆಯಿತು, ಖಾರಾಬೂಂದಿ ಆಯಿತು. ಆಗ ಅವನ ದೊಡ್ಡಪ್ಪ ತೊಡೆ ತಟ್ಟಿ ಅಂದರು: “ಮಾವೋಡು ಪನಿಲೋ ತೋಪು!”

ಅಂದರೆ, ನಮ್ಮ ಹುಡುಗ ಕೆಲಸದಲ್ಲಿ ತೋಪು.

ಭಾವನ ಮುಖ ಬಾಡಿತು. ಅವರು ಮೂಲತಃ ಲಕ್ಕೂರಿನವರು. ತೆಲುಗು ಬರುತ್ತದೆ, ಯೂಟ್ಯೂಬ್ ತೆಲುಗು ಬರುವುದಿಲ್ಲ. ಅವರ ಪ್ರಕಾರ ತೋಪು ಅಂದರೆ ಮೊದಲ ವಾರವೇ ಎತ್ತಂಗಡಿಯಾಗುವ ಸಿನಿಮಾ.

ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. (ಅವಳ ತವರು ಮಾವಿಗೆ ಹೆಸರಾದ ಶ್ರೀನಿವಾಸಪುರ.) “ತೋಪೂ ಐತಾ? ಎಷ್ಟು ಎಕ್ರೆ ಅಪ್ಪಾ? ಬಾದಾಮಿನಾ, ತೋತಾಪುರಿನಾ?”

ದೊಡ್ಡಪ್ಪ ಕಕ್ಕಾಬಿಕ್ಕಿ.

ಭಾವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. “ಅವ್ರೇ ಒಪ್ಕೊಂತಾವ್ರೆ ಕಣೋ, ಹುಡ್ಗ ಪ್ರಯೋಜನ ಇಲ್ಲ ಅಂತ. ಬ್ಯಾಡ ಅಂದ್ಬಿಡೋಣ.”

“ಭಾವ, ತೆಲುಗು ಹುಡುಗ್ರು ಗಟ್ಟಿಗನಿಗೆ ತೋಪು ಅಂತಾರೆ,” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಂಕಣ ಬರೆಯುವವನಿಗೆ ಅದು ಸಾಧ್ಯವೇ? ಟರ್ಕಿಯವರ ‘ತೊಪ್’ ಅಂದರೆ ಚೆಂಡು, ಫಿರಂಗಿಯೂ ಹೌದು. ಅದು ಪರ್ಷಿಯನ್, ಉರ್ದು ದಾಟಿ ಸೈನ್ಯಗಳ ಜೊತೆ ನಮ್ಮ ಕಡೆ ಬಂತು. ತೆಲುಗಿನಲ್ಲಿ ಫಿರಂಗಿಯಂಥವನು ಶೂರನಾದ. ನಮ್ಮಲ್ಲಿ ಅದೇ ಪದ ಯಾಕೆ ಮಕಾಡೆ ಮಲಗಿತೋ ಗೊತ್ತಿಲ್ಲ. (ಗುಂಡು ಹಾರಲಿಲ್ಲವೇನೋ.) ಅಮ್ಮನ ಮಾವಿನ ತೋಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಈ ಮಣ್ಣಿನದೇ ಪದ.

ಭಾವ ಎಲ್ಲವನ್ನೂ ಕೇಳಿಸಿಕೊಂಡರು. “ಟರ್ಕಿ ಮನೆ ಹಾಳಾಗ. ಹುಡ್ಗ ಕೆಲ್ಸದಲ್ಲಿ ಎಂಗೆ, ಅದನ್ನ ಹೇಳು.”

ನನಗೇನು ಗೊತ್ತು?

ಒಲೆಯ ಪಕ್ಕ ನಿಂತಿದ್ದ ರೂಪಾ ಲೋಟ ಕೆಳಗಿಟ್ಟು ನೇರ ಹಾಲ್‌ಗೆ ನಡೆದಳು. ನಾವು ಹಿಂದೆಯೇ ಓಡಿದೆವು.

“ನಿಮ್ ದೊಡ್ಡಪ್ಪ ಹೇಳಿದ್ದು ನಿಜಾನಾ? ನೀವು ಕೆಲ್ಸದಲ್ಲಿ ಅಷ್ಟು ಗಟ್ಟಿನಾ?”

ಮಹೇಶ್ ಕೆಂಪಾದ. ದೊಡ್ಡಪ್ಪನ ಕಡೆ ನೋಡಿದ, ಅವಳ ಕಡೆ ನೋಡಿದ. “ಲೇದು... ಇಲ್ಲ, ಹೋದ ವಾರಾನೂ ಸೂಪರ್‌ವೈಸರ್ ಹತ್ರ ಬೈಸ್ಕೊಂಡೆ. ಇನ್ನೂ ಕಲೀತಾ ಇದೀನಿ.”

ದೊಡ್ಡಪ್ಪ ಹಣೆ ಚಚ್ಚಿಕೊಂಡರು. ಭಾವ ನಿಂತಲ್ಲೇ ಗೋಡೆಗೆ ಒರಗಿದರು.

ರೂಪಾ ಅಪ್ಪನ ಕಡೆ ತಿರುಗಿದಳು. “ನಂಗೆ ಒಪ್ಗೆ ಅಪ್ಪ. ಇವ್ರು ಸುಳ್ಳು ಹೇಳಲ್ಲ.”

ಮುಂದಿನ ತಿಂಗಳು ನಿಶ್ಚಿತಾರ್ಥ.

ಅಲ್ಲ, ಹುಡುಗ ಎದುರಿಗೇ ಕೂತಿದ್ದ. ಅವನನ್ನೇ ಕೇಳಬಹುದು ಅಂತ ನಮಗೆ ಹಿರಿಯರಿಗೆ ಯಾಕೆ ಹೊಳೆಯಲಿಲ್ಲ?