ಕೊಂಬಿಲ್ಲದ ಕರು ಬೇಕೆಂದವಳು

ಕಳ್ಳಂಬೆಳ್ಳದಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಏನು ಹೇಳಿದರೂ ಒಂದೇ ಉತ್ತರ: "ನೋಡೇಬುಡಾನ ಕಣಮ್ಮ!" ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಯೂ ಆಗಿರುತ್ತಿತ್ತು.

ಸೀಮೆಹಸುವಿನ ಕರುಗಳಿಗೆ ಕೊಂಬಿನ ಮೊಳಕೆ ಸುಡಿಸುವ ದಿನ ಮಾತ್ರ ಆಕೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಅದಕ್ಕೇ, ಹುಟ್ಟಿನಿಂದಲೇ ಕೊಂಬಿಲ್ಲದ ಹೋರಿಯ, ಗಬ್ಬ ಕಟ್ಟಿಸುವ ಇಂಜೆಕ್ಷನ್ ಬಂದಿದೆ ಎಂದು ದನದ ಡಾಕ್ಟರು ಹೇಳಿದ್ದೇ ತಡ, ತನ್ನ ಹಸುವಿಗೆ ಹಾಕಿಸಲು ಹೊರಟಳು.

"ಆ ಹೋರಿಯ ಅಪ್ಪನಿಗೆ ಕೊಂಬಿರಲಿಲ್ಲ, ತಾಯಿಗಿತ್ತು. ಕರುಗೆ ಯಾವುದನ್ನ ಕೊಡುತ್ತೋ, ಅರ್ಧಕ್ಕರ್ಧ ಚಾನ್ಸು. ಬೋಳು ಕೊಟ್ರೆ ನಿಮ್ಮ ಹಸುವಿನ ಕೊಂಬು ಅದರ ಮುಂದೆ ನಡಿಯಲ್ಲ," ಎಂದರು ಡಾಕ್ಟರು.

"ನೋಡೇಬುಡಾನ!"

"ಕೊಂಬಿಲ್ದಿದ್ರೆ ಸಂಕ್ರಾಂತಿಗೆ ಬಣ್ಣ ಎಲ್ಲಿಗೆ ಬಳೀತೀಯೆ?" ಎಂದು ಆಕೆಯ ಅತ್ತೆ ಗದರಿದರು.

ಹೆಣ್ಣುಗರು ಹುಟ್ಟಿತು. ದಿನಾ ಬೆಳಿಗ್ಗೆ ಹಾಲು ಕರೆಯುವ ಮೊದಲು ಆಕೆ ಅದರ ನೆತ್ತಿಯ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವಳು. ಡೈರಿಗೆ ಹೊರಟವರೆಲ್ಲ ಒಳಗೆ ಬಂದು ಒತ್ತುವರು. "ಗಂಟೈತೆ", "ಇಲ್ಲ ಕಣ್ಲಾ" ಎಂದು ಜಗಳವೇ ಆಗುತ್ತಿತ್ತು. ನಾನೂ ಒತ್ತಿದೆ, ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಬಿಟ್ಟು ಬೇರೇನೂ ತಿಳಿಯಲಿಲ್ಲ.

ಕೊನೆಗೆ ಕೊಂಬು ಸುಡುವ ಕಬ್ಬಿಣ ಹಿಡಿದು ಡಾಕ್ಟರು ಬಂದರು. ಒತ್ತಿದರು, ಮತ್ತೆ ಒತ್ತಿದರು, ಕಬ್ಬಿಣವನ್ನು ಚೀಲಕ್ಕೆ ಸೇರಿಸಿದರು. "ಇದಕ್ಕೆ ಬೇಡಮ್ಮ. ಬೋಳೇ ಬಂದೈತೆ." ಆಕೆ ಕೂಗಿದ ಕೂಗಿಗೆ ಕೆರೆ ಏರಿಯ ಮೇಲಿದ್ದವರು ಓಡಿ ಬಂದರು.

ಸಂಕ್ರಾಂತಿಯ ದಿನ ಅತ್ತೆಯೇ ಬಣ್ಣದ ಬಟ್ಟಲು ಹಿಡಿದು ನಿಂತರು. ಆಕೆ ಹೆಬ್ಬೆರಳು ಅದ್ದಿ, ದಿನಾ ಒತ್ತುತ್ತಿದ್ದ ಆ ಎರಡೂ ಜಾಗಕ್ಕೆ ಬಣ್ಣ ಒತ್ತಿದಳು. ಕರು ಕಣ್ಣು ಮುಚ್ಚಿ ತಲೆ ಒಡ್ಡಿಕೊಂಡು ನಿಂತಿತ್ತು. ಅದಕ್ಕೆ ಆ ಬೆರಳು ಅಭ್ಯಾಸವಾಗಿಬಿಟ್ಟಿತ್ತು.