ಲಗಮವ್ವ ಉರ್ಫ್ ಲಕ್ಷ್ಮಿ

ಸಿಟ್ಟು ಬಂದಾಗ ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಬಟ್ಟೆ ಮಡಚುತ್ತೇನೆ. ಹೀಗಾಗಿ ವಿಮಾನ ಏರಲು ಇನ್ನೂ ಇಪ್ಪತ್ತು ದಿನ ಇರುವಾಗಲೇ ನನ್ನ ಸೂಟ್‌ಕೇಸು ತುಂಬಿದೆ. ತುಂಬಿ, ಬಿಚ್ಚಿ, ಮತ್ತೆ ತುಂಬಿ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ನೋಡಿದವರು ‘ಎಷ್ಟ ಶಾಂತ ಸ್ವಭಾವದ ಹುಡಿಗಿ’ ಎಂದು ಹೊಗಳಿ ಹೋಗುತ್ತಾರೆ.

ಬೋಟ್ಸ್ವಾನಾ ದೇಶದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿದೆ. ನನ್ನ ಮೊದಲ ನೌಕರಿ. ಮೂರು ಸಲ ವಿಡಿಯೋದಲ್ಲಿ ಸಂದರ್ಶನ ಮಾಡಿ, ಒಂದು ಸಲ ಪಾಠ ಮಾಡಿಸಿ ನೋಡಿ ಆರಿಸಿದ್ದಾರೆ. ಆದರೆ ಕಲ್ಲೋಳಿಯ ನಮ್ಮ ಓಣಿಗೆ ಅಷ್ಟು ಸಾಲಲಿಲ್ಲ. “ಅದೆಲ್ಲಿ ಬರ್ತೈತಿ?” ಎಂದರು. ಆಫ್ರಿಕಾದಲ್ಲಿ ಎಂದೆ. “ಯಾಕ, ಬ್ಯಾರೆ ಎಲ್ಲೂ ಸಿಗಲಿಲ್ಲೇನು?” ಎಂದರು. ಮೂಡಲಗಿ ಸಂತೆ ದಾಟಿ ಹೋಗದವರು ಕೂಡ ಒಂದು ಇಡೀ ಖಂಡದ ಮೇಲೆ ಕನಿಕರ ತೋರಿಸಿದರು. ನಾನು ಒಳಗೆ ಹೋಗಿ ಎರಡು ಸೀರೆ ಮಡಚಿದೆ.

ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಇನ್ನೊಂದು ಹೆಜ್ಜೆ ಮುಂದೆ ಹೋಗಿ, “ಪಾಪ, ಪರದೇಶಿ ಆಗಿ ಹೊಂಟಾಳ” ಎಂದಳು. ಈ ಶಬ್ದವನ್ನು ನೀವೇ ಯೋಚಿಸಿ ನೋಡಿ. ಅಕ್ಷರಕ್ಕೆ ಅಂಟಿಕೊಂಡರೆ ಪರದೇಶಿ ಎಂದರೆ ಬೇರೆ ದೇಶದವನು, ಅಷ್ಟೇ. ಆದರೆ ನಮ್ಮ ಬಾಯಲ್ಲಿ ಅದರ ಅರ್ಥ ದಿಕ್ಕಿಲ್ಲದವನು, ಯಾರೂ ಇಲ್ಲದವನು. ಕುರಿ ಹಿಂದೆ ಊರೂರು ತಿರುಗಿದ ಮನೆತನ ನಮ್ಮದು. ನನ್ನ ಮುತ್ಯಾ, ಅಂದರೆ ಅಜ್ಜ, ವರ್ಷದಲ್ಲಿ ಎಂಟು ತಿಂಗಳು ಕಂಡವರ ಹೊಲದಲ್ಲಿ ಮಲಗುತ್ತಿದ್ದ. ಅವನನ್ನು ಯಾರೂ ಪರದೇಶಿ ಎನ್ನಲಿಲ್ಲ. ಹೆಣ್ಣು ಮಗಳು ಪಾಠ ಹೇಳಲು ಹೊರಟರೆ ಮಾತ್ರ ಪದಕೋಶದ ಎರಡನೆಯ ಅರ್ಥ ಎದ್ದು ಕೂರುತ್ತದೆ.

ಇವೆಲ್ಲ ಸಣ್ಣ ಸಿಟ್ಟುಗಳು. ದೊಡ್ಡದು ಬಂದದ್ದು ನನ್ನ ಹೆಸರಿನಿಂದ.

ನನ್ನ ಹೆಸರು ಲಗಮವ್ವ. ಅಪ್ಪನ ಅವ್ವನ ಹೆಸರು; ದೇವಿಯ ಹೆಸರೂ ಹೌದು. ಜನನ ದಾಖಲೆಯಲ್ಲಿ, ಆಧಾರಿನಲ್ಲಿ, ಪಾಸ್‌ಪೋರ್ಟಿನಲ್ಲಿ ನಾನು ಲಗಮವ್ವ. ಆದರೆ ಒಂದನೆಯ ತರಗತಿಯಿಂದ ಬಿ.ಎಡ್. ಪದವಿಯವರೆಗೆ ಪ್ರತಿ ಅಂಕಪಟ್ಟಿಯಲ್ಲೂ ಲಕ್ಷ್ಮಿ. ಅಲ್ಲಿನ ಶಾಲೆಯವರು ವಿನಯದಿಂದಲೇ ಪತ್ರ ಬರೆದರು: ಕೆಲಸದ ಪರವಾನಗಿಗೆ ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ದಾಖಲೆ ಬೇಕು. ಗೋಕಾಕದ ವಕೀಲರು ‘ಲಗಮವ್ವ ಉರ್ಫ್ ಲಕ್ಷ್ಮಿ’ ಎಂದು ಪ್ರಮಾಣಪತ್ರ ಮಾಡಿಕೊಟ್ಟರು. ಉರ್ಫ್! ಆ ಶಬ್ದ ನಾನು ಅದುವರೆಗೆ ಓದಿದ್ದು ಪತ್ರಿಕೆಯಲ್ಲಿ, ಸಿಕ್ಕಿಬಿದ್ದ ಕಳ್ಳರ ಹೆಸರಿನ ನಡುವೆ. ಜೊತೆಗೆ ನಾನು ಓದಿದ ಊರ ಶಾಲೆಯಿಂದ ಒಂದು ಪತ್ರ ಬೇಕೆಂದರು. ಅಲ್ಲಿನ ಈಗಿನ ಮುಖ್ಯ ಶಿಕ್ಷಕಿ ರಿಜಿಸ್ಟರ್ ತೆರೆದು ತೋರಿಸಿ, “ಇಲ್ಲಿ ಲಕ್ಷ್ಮಿ ಅಂತನ ಐತವ್ವಾ. ಹೆಸರು ಬರಕೊಂಡ ಮಾಸ್ತರು ಒಂದ ಬರದ ಕೊಟ್ರ, ಅದರ ಮ್ಯಾಲ ನಾ ಪತ್ರ ಕೊಡ್ತೇನಿ” ಎಂದರು.

ಹೆಸರು ಬರೆದುಕೊಂಡವರು ಆಗಿನ ಹೆಡ್‌ಮಾಸ್ತರು. ನಿವೃತ್ತರಾಗಿ ಹುಕ್ಕೇರಿಯಲ್ಲಿದ್ದರು. ಆ ದಿನದ ಕಥೆಯನ್ನು ಆಯಿ, ಅಂದರೆ ಅಪ್ಪನ ಅವ್ವ, ಸಾಯುವವರೆಗೂ ಹೇಳುತ್ತಿದ್ದಳು. ಆಯಿ ನನ್ನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹೋಗಿ, ಲಗಮವ್ವ ಎಂದು ಬರೆದುಕೊಳ್ಳಲು ಹೇಳಿದಳಂತೆ. ಮಾಸ್ತರು ನಕ್ಕು, “ಇದೆಂಥಾ ಹೆಸರಬೇ ಈಗಿನ ಕಾಲದಾಗ” ಎಂದು ತಾವೇ ಲಕ್ಷ್ಮಿ ಎಂದು ಬರೆದರಂತೆ. ಆಯಿಗೆ ಓದು ಬರುತ್ತಿರಲಿಲ್ಲ. ಆದರೂ ತನ್ನ ಹೆಸರಿಗಿಂತ ಬರೆದದ್ದು ಗಿಡ್ಡವಾಗಿದೆ ಎಂದು ಅವಳಿಗೆ ಗೊತ್ತಾಯಿತಂತೆ.

ಗೋಕಾಕದಿಂದ ಹುಕ್ಕೇರಿಯವರೆಗೆ ಬಸ್ಸಿನಲ್ಲಿ ನಾನು ಬಯ್ಯಬೇಕಾದ ಮಾತುಗಳನ್ನು ಹೊಂದಿಸಿಕೊಂಡೆ. ಮಡಚಲು ಬಟ್ಟೆ ಇರಲಿಲ್ಲ. ಟಿಕೀಟನ್ನೇ ಮಡಚಿ ಮಡಚಿ ಹರಿದೆ. ಕಂಡಕ್ಟರ್ ಮತ್ತೆ ತಪಾಸಣೆಗೆ ಬಂದಿದ್ದರೆ ಅವರಿಗೂ ಬೈಗುಳ ಸಿಗುತ್ತಿತ್ತು.

ಮಾಸ್ತರು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ. ವಿಷಯ ಹೇಳಿದೆ. ಅವರು ಖುಷಿಯಿಂದ, “ಹೊರದೇಶಕ್ಕ ಹೊಂಟೀ? ಭಾಳ ಛಲೋ ಆತು. ನೋಡ, ಆವತ್ತು ನಾ ಹೆಸರು ಬದಲ ಮಾಡಿದ್ದು ನಿನ್ನ ಛಲೋದಕ್ಕನ. ಲಗಮವ್ವ ಅಂದ್ರ ಕಾಲೇಜಿನ್ಯಾಗ ಮಂದಿ ನಗತಿದ್ರು” ಎಂದರು.

ಹೊಂದಿಸಿಕೊಂಡ ಮಾತುಗಳೆಲ್ಲ ಹಾರಿಹೋಗಿ, ಹೊಂದಿಸದ್ದು ಹೊರಬಂತು. “ನಕ್ಕವರಿಗೆ ನಾ ಉತ್ತರ ಕೊಡ್ತಿದ್ದೆ, ಸರ್. ಮೊದಲ ನಕ್ಕವರು ನೀವು. ನಮ್ಮ ಆಯಿ ಎದುರಿಗೇ ನಕ್ರಿ. ಅಕೀ ಹೆಸರು ಅದು.”

ಅವರು ಪೇಪರ್ ಕೆಳಗಿಟ್ಟರು. ಚಹಾ ತಂದ ಅವರ ಹೆಂಡತಿ ನಿಂತಲ್ಲೇ ನಿಂತು, “ಖರೆ ಹೇಳಾಕತ್ತಾಳ ಬಿಡ್ರಿ ಹುಡಿಗಿ. ನಿಮ್ಮದೂ ಹಂಗ ಆಗೇತಲ್ಲ” ಎಂದರು. ನನ್ನ ಕಡೆ ತಿರುಗಿ, “ಇವರ ಅವ್ವ ಇಟ್ಟ ಹೆಸರು ಕಾಡಪ್ಪ. ಇವರ ಮಾಸ್ತರು ಸುರೇಶ ಅಂತ ಬರದ್ರು. ನಮ್ಮತ್ತಿ ಕಡೀತನಕ ಕಾಡಪ್ಪ ಅಂತನ ಕರದ್ರು. ಮಂದಿ ಮುಂದ ಕರದ್ರ ಇವರು ಓ ಅಂತಿರಲಿಲ್ಲ” ಎಂದರು.

ಮಾಸ್ತರು ಹಾಳೆ ತರಿಸಿ ಬರೆದರು. ಅಕ್ಷರ ಎಷ್ಟು ದುಂಡಗಿತ್ತೆಂದರೆ ಸಿಟ್ಟಿನಲ್ಲೂ ಮೆಚ್ಚಬೇಕಾಯಿತು. ತಂದವರು ಲಗಮವ್ವ ಎಂದು ಹೇಳಿದ್ದರೂ ನಾನು ಸ್ವಂತ ತಿಳುವಳಿಕೆಯಿಂದ ಲಕ್ಷ್ಮಿ ಎಂದು ಬರೆದೆ, ಎಂದಿತ್ತು. ಸತ್ಯವೆಲ್ಲ ಇತ್ತು. ‘ತಪ್ಪಾಯಿತು’ ಎಂಬುದೊಂದು ಇರಲಿಲ್ಲ. ತಾಯಿ ಕರೆದರೂ ಓಗೊಡದ ಆ ಮನುಷ್ಯನ ಮೇಲೆ ನನಗೆ ಮರುಕ ಬಂದದ್ದು ನಿಜ. ಆದರೆ ಮರುಕ ಬಂತೆಂದು ಸಿಟ್ಟು ಎದ್ದು ಜಾಗ ಬಿಡಲಿಲ್ಲ. ಎರಡೂ ನನ್ನ ಅಕ್ಕಪಕ್ಕ ಕೂತು ಗೋಕಾಕದವರೆಗೆ ಬಂದವು.

ಪತ್ರ ಸಿಕ್ಕಿತು, ಪರವಾನಗಿಯೂ ಬಂತು. ನಿನ್ನೆ ಅಲ್ಲಿನ ಶಾಲೆಯವರು ನನ್ನ ತರಗತಿಯ ಮಕ್ಕಳ ಪಟ್ಟಿ ಕಳಿಸಿದರು. ಇಪ್ಪತ್ತಾರು ಹೆಸರು. ಕೆಲವಕ್ಕೆ ನನ್ನ ನಾಲಿಗೆ ಹೊರಳಲೇ ಇಲ್ಲ. ಒಬ್ಬ ಹುಡುಗನ ಹೆಸರು ಮ್‌ಫೊ. ಬಾಯಿ ಮುಚ್ಚಿಕೊಂಡು ಶುರುವಾಗುವ ಹೆಸರು. ಒಬ್ಬಳು ಬೊಯ್‌ತುಮೆಲೊ. ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಇವಳನ್ನು ‘ಮೆಲೊ’ ಎಂದರಾಯಿತು ಎಂದು. ಹೊಳೆದ ಕ್ಷಣವೇ ಕಿವಿ ಬಿಸಿಯಾಯಿತು. ಇಷ್ಟು ಸಿಟ್ಟು ಹೊತ್ತು ತಿರುಗಿದವಳ ಒಳಗೇ ಒಬ್ಬ ಹೆಡ್‌ಮಾಸ್ತರು ಪೆನ್ನು ತೆಗೆದು ಕೂತಿದ್ದ.

ಆ ಶಾಲೆಯ ಮುಖ್ಯ ಶಿಕ್ಷಕಿಗೆ ಫೋನು ಮಾಡಿ, ಒಂದೊಂದೇ ಹೆಸರು ಹೇಳಿಸಿಕೊಂಡೆ. ಅವರು ನಗಲಿಲ್ಲ. ಇಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಕಲಿಯುತ್ತಿದ್ದೆ. ಕುರಿಗಳಿಗೆ ಮೇವು ಹಾಕುತ್ತಿದ್ದ ಅವ್ವ, “ಯಾರ ಹೆಸರವು?” ಎಂದಳು.

“ನನ್ನ ಹುಡುಗರ್ದು. ತಪ್ಪಾಗಬಾರದಲ್ಲ, ಅದಕ್ಕ.”

“ತಪ್ಪಾದ್ರ ಆಗಲಿ ಬಿಡು,” ಎಂದಳು ಅವ್ವ, “ಅವರನ್ನ ಕೇಳಿ ತಿದ್ದಕೋ. ನೀ ಅವರನ್ನ ತಿದ್ದಾಕ ಹೋಗಬ್ಯಾಡ.”