ಬೆಟ್ಟಯ್ಯನನ್ನು ಊಟಕ್ಕೆ ಎಬ್ಬಿಸದ ಮದುವೆ

ಮೂರು ದಿನದ ಮದುವೆಗೆ ಹೋಗುವವರು ಏನು ಉಡಬೇಕು, ಏನು ಕೊಡಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೆಂಗೇರಿಯ ಬೆಟ್ಟಯ್ಯನ ಪ್ರಕಾರ ಅದೆಲ್ಲ ಆಮೇಲಿನ ಮಾತು.

"ಮೊದ್ಲು ಹಸಿವಿಲ್ಲದ ಮುಖ ಕಲೀಬೇಕು ಸಾಮಿ. ಹೊಟ್ಟೇಲಿ ಬೆಂಕಿ ಬಿದ್ದಿದ್ರೂ ಈಗ್ತಾನೆ ಉಂಡು ಎದ್ದಂಗೆ ಕೂತಿರ್ಬೇಕು. ಇಲ್ದಿದ್ರೆ ಉಣ್ಣಕ್ಕೇ ಬಂದವ್ನೆ ಅಂತಾರೆ."

"ಮತ್ತೆ ನಾನು ಬರೋದು ಇನ್ಯಾತಕ್ಕೆ?" ಎಂದೆ.

"ಅದು ನಿಮ್ಗೆ ಗೊತ್ತು, ನಂಗೆ ಗೊತ್ತು. ಮುಖಕ್ಕೆ ಗೊತ್ತಾಗ್ಬಾರ್ದು."

ಆಗತಾನೆ ತಲೆಯೆತ್ತುತ್ತಿದ್ದ ರಾಜಾಜಿನಗರದ ನಮ್ಮ ಬೀದಿಗೆ ಬೆಟ್ಟಯ್ಯ ಅವರೆಕಾಯಿ ಗಾಡಿ ಹೊಡೆದುಕೊಂಡು ಬರುತ್ತಿದ್ದ. ಹೊಲ ಅವನ ಕಸುಬು. ಹೆಸರು ಮಾತ್ರ ಮದುವೆಮನೆಗಳಲ್ಲಿ ಬಂದದ್ದು. ಸುತ್ತಲ ಹತ್ತು ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ನೆಂಟರನ್ನು ಊಟಕ್ಕೆ ಎಬ್ಬಿಸುವವನು ಅವನೇ. ಮೊದಲು ಚಪ್ಪರದ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಒಂದು ಕೂಗು. ಆಗ ಯಾರೂ ಅಲ್ಲಾಡಬಾರದು. ಆಮೇಲೆ ಹೆಸರು ಹಿಡಿದು ಎರಡನೆಯ ಕರೆ. ಆಗ "ಇರ್ಲಿ ಬಿಡಿ, ಅವಸರವೇನು" ಅನ್ನಬೇಕು. ಮೂರನೆಯದಕ್ಕೆ ಮನೆಯವರು ಬಂದು ಕೈಹಿಡಿದು ಎಬ್ಬಿಸಿದ ಮೇಲೆಯೇ ಏಳಬೇಕು. ಇದು ತಪ್ಪಿತೆಂದು ಮುನಿಸಿಕೊಂಡು ಊರದಾರಿ ಹಿಡಿದವರನ್ನು ಅರ್ಧ ಮೈಲಿ ಬೆನ್ನಟ್ಟಿ ಕರೆತಂದ ಖ್ಯಾತಿಯೂ ಅವನದು.

ಅವನ ತಂಗಿ ನರಸಮ್ಮನ ಮಗಳ ಮದುವೆಗೆ ನನ್ನನ್ನೂ ಕರೆದ. ಅಪ್ಪ ಸತ್ತ ಮೇಲೆ ನರಸಮ್ಮನನ್ನು ಸಾಕಿ ಧಾರೆಯೆರೆದು ಕೊಟ್ಟವನು ಇವನೇ.

ಚಪ್ಪರದ ದಿನ ಮೊದಲ ಕೂಗಿಗೇ ನಾನು ಎದ್ದು ನಿಂತೆ. ಬೆಟ್ಟಯ್ಯ ಬಂದು ನನ್ನ ಹೆಗಲು ಒತ್ತಿ ಕೂರಿಸಿದ. ಧಾರೆಯ ದಿನ ಎರಡನೆಯ ಕರೆಯವರೆಗೂ ತಡೆದುಕೊಂಡೆ. "ಪರ್ವಾಗಿಲ್ಲ, ಸುಧಾರಿಸ್ತಾ ಇದೀರ" ಎಂದ.

ಮೂರನೆಯ ದಿನ ಬೀಗರೂಟ. ಬಾಡಿನ ಸಾರಿನ ವಾಸನೆ ರೈಲ್ವೆ ಸ್ಟೇಷನ್ನಿನವರೆಗೂ ಹೋಗಿದ್ದಿರಬೇಕು. ಬೆಟ್ಟಯ್ಯ ನಾಲ್ಕು ಪಂಕ್ತಿ ಎಬ್ಬಿಸಿ, ಕೈಕಾಲು ತೊಳೆದು, ಬಿಳಿ ಪಂಚೆ ಉಟ್ಟು ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತ.

"ಇವತ್ತು ನೀವು ನನ್ ಜೊತೆ ಸಾಮಿ. ಬೀಗರೂಟಕ್ಕೆ ಸೋದರಮಾವನ್ನ ತಂಗಿ ಮನೆಯೋರೇ ಎಬ್ಬಿಸ್ಬೇಕು. ಇಪ್ಪತ್ತು ವರ್ಷ ಊರನ್ನೆಲ್ಲಾ ಎಬ್ಬಿಸ್ದೆ. ಇವತ್ತೊಂದಿನ ನನ್ನ ಯಾರಾನಾ ಎಬ್ಬಿಸ್ಲಿ."

ಅವನ ಮುಖದ ಮೇಲೆ ಎಂದಿನ ತೃಪ್ತಿ. ನನ್ನ ಮುಖದ ಬಗ್ಗೆ ಹೇಳದಿರುವುದೇ ಮೇಲು.

ಕೊನೆಗೆ ನರಸಮ್ಮನ ಮಗ ಸೇತುರಾಮ ಬಂದ. ಮಿಲ್ಲಿನಲ್ಲಿ ಕೆಲಸ, ಕೈಗೆ ವಾಚು. ಬಂದವನು ನನ್ನ ಕೈ ಹಿಡಿದ.

"ಏಳಿ ಸಾರ್, ಕೊನೇ ಪಂತಿ."

"ನಿಮ್ಮ ಮಾವ?" ಎಂದೆ.

ಅವನು ಬೆಟ್ಟಯ್ಯನ ಮುಖ ನೋಡಿದ. "ಮಾವ ಮನೆಯೋರಲ್ವಾ ಸಾರ್, ಯಾವಾಗ್ಲೋ ಉಂಡಿರ್ತಾರೆ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಬೆಟ್ಟಯ್ಯ ನನ್ನನ್ನು ನೋಡಿದ. ನಾನು ಕೂತೇ ಇದ್ದಿದ್ದರೆ ಆಗಿತ್ತು. "ಅವರನ್ನು ಕರೆಯಪ್ಪ" ಅಂದಿದ್ದರೂ ಸಾಕಿತ್ತು. ಆದರೆ ನನ್ನ ಕೈ ಸೇತುರಾಮನ ಕೈಯಲ್ಲಿತ್ತು, ಕಾಲು ಆಗಲೇ ಹೊಸಿಲು ದಾಟಿತ್ತು. ಮೂರು ದಿನ ಕಲಿತ ವಿದ್ಯೆ. ಕೈಹಿಡಿದು ಕರೆದ ಮೇಲೆ ಏಳಬೇಕಲ್ಲವೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಳಗೆ ನರಸಮ್ಮನೇ ಬಡಿಸುತ್ತಿದ್ದಳು. ಎಲೆಗೆ ಎರಡನೆಯ ಸೌಟು ಸಾರು ಬಿಡುತ್ತಾ ಕೇಳಿದಳು: "ಅಣ್ಣ ಉಂಡ್ನಾ ಸಾಮಿ? ನಂಗೆ ಕಣ್ಣಿಗೇ ಬೀಳ್ಲಿಲ್ಲ. ನೀವು ಜೊತೇಲೇ ಇದ್ರಲ್ಲ?"

ಸೌಟು ಗಾಳಿಯಲ್ಲೇ ನಿಂತಿತ್ತು. ಇಲ್ಲ ಎಂದಿದ್ದರೆ ಅದನ್ನು ಅಲ್ಲೇ ಇಟ್ಟು ಜಗಲಿಗೆ ಓಡುತ್ತಿದ್ದಳು. ನನ್ನ ಬಾಯಲ್ಲಿ ಮುದ್ದೆಯ ತುತ್ತಿತ್ತು. ಅದನ್ನು ನುಂಗಿ ಮಾತಾಡಬಹುದಿತ್ತು. ನಾನು ತಲೆಯಾಡಿಸಿದೆ, ಹೂಂ ಎಂಬಂತೆ.

"ಸದ್ಯ" ಎಂದು ಅವಳು ಮುಂದಿನ ಎಲೆಗೆ ಹೋದಳು.

ನಾನು ಹೊರಗೆ ಬಂದಾಗ ಜಗಲಿ ಖಾಲಿ. ಅವನನ್ನು ಯಾರೂ ಬೆನ್ನಟ್ಟಿರಲಿಲ್ಲ. ಬೆನ್ನಟ್ಟುವ ಕೆಲಸ ಅವನದಾಗಿತ್ತಲ್ಲ.

ಆ ವರ್ಷ ನಮ್ಮ ಬೀದಿಗೆ ಅವರೆಕಾಯಿ ಗಾಡಿ ಬರಲಿಲ್ಲ. ಯಾರ ಮದುವೆಯಲ್ಲೂ ಬೆಟ್ಟಯ್ಯ ಕೂಗಲಿಲ್ಲವೆಂದೂ ಕೇಳಿದೆ. ಎರಡು ವರ್ಷದ ಮೇಲೆ ನನ್ನ ಮಗಳ ಮದುವೆ ಬಂತು. ನಾನೇ ಕೆಂಗೇರಿಗೆ ಹೋಗಿ ಕುಂಕುಮವಿಟ್ಟು ಕರೆದೆ. ಬಂದ. ಬಿಳಿ ಪಂಚೆ ಉಟ್ಟು ಕಂಬಕ್ಕೊರಗಿ ಕೂತ. ಎಲೆ ಹಾಕುವ ಮೊದಲೇ ನಾನು ಅವನ ಬಳಿ ಓಡಿದೆ. ಒಂದು ಸಲ ಕರೆದೆ, ಹೆಸರು ಹಿಡಿದು ಇನ್ನೊಂದು ಸಲ ಕರೆದೆ, ಎರಡೂ ಕೈ ಹಿಡಿದೆ.

"ಏಳಿ ಬೆಟ್ಟಯ್ಯ."

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

"ನಂದು ಊಟ ಆಯ್ತಲ್ಲ ಸಾಮಿ," ಎಂದ. "ಅವತ್ತು ನೀವೇ ಹೇಳಿದ್ರಂತೆ."

ಮುಖ ನೋಡಿದೆ. ಈಗತಾನೆ ಉಂಡು ಎದ್ದವನಂತೆಯೇ ಇತ್ತು.